ಹೊಂಗೇದೊಡ್ಡಿ ಡೇರಿಯ ಟೀವಿ

ಶಿವಲಿಂಗಮ್ಮ ಸುರಿದ ಹಾಲಿನ ನೊರೆ ತೂಕದ ಪಾತ್ರೆಯಲ್ಲಿ ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಟೀವಿ ಕಪ್ಪಾಯಿತು. ಕಿಟಕಿಯಾಚೆ ಕ್ಯಾನು ಹಿಡಿದು ನಿಂತಿದ್ದ ಹೆಂಗಸರ ಸಾಲಿನಿಂದ ಉದ್ದನೆಯ ಉಸಿರೊಂದು ಕೇಳಿಸಿತು. ಒಳಗೆ ಕೂತಿದ್ದ ಕಾರ್ಯದರ್ಶಿ ಭಾನುಪ್ರಿಯ ಪರದೆ ಕಾಣದೆ ಅಂದಾಜಿನ ಮೇಲೆಯೇ ಅವಳ ಸದಸ್ಯ ನಂಬರು ಒತ್ತಿದಳು. ಹತ್ತು ಎಣಿಸುವಷ್ಟರಲ್ಲಿ ಪರದೆ ತಾನಾಗಿಯೇ ಹತ್ತಿಕೊಂಡಿತು. ಆದರೆ ಶಿವಲಿಂಗಮ್ಮನ ಆರು ಲೀಟರ್ ಹಾಲು ಆ ಹೊತ್ತಿಗೆ ಬೇರೆ ಯಾರದೋ ಹೆಸರಿಗೆ ಹೋಗಿ ಕೂತಾಗಿತ್ತು.

ಭಾನುಪ್ರಿಯ ಅದನ್ನು ಅಳಿಸಿ ಮತ್ತೆ ಬರೆದಳು, ನಿಜ. ಆದರೆ ಶಿವಲಿಂಗಮ್ಮ ಹಾಗೆ ಸುಲಭಕ್ಕೆ ಬಿಡುವ ಹೆಂಗಸಲ್ಲ. ಹಾಲಿನ ಲೆಕ್ಕದ ಚೀಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ, ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಾಗ ಅವಳ ಕಣ್ಣು ಹೋದದ್ದು ಭಾನುಪ್ರಿಯಳ ಕಡೆಗಲ್ಲ, ಮೂಲೆಯಲ್ಲಿ ಸ್ಯಾಂಪಲ್ ಬಾಟಲಿ ತೊಳೆಯುತ್ತ ನಿಂತಿದ್ದ ಚಿಕ್ಕಲಕ್ಷ್ಮಮ್ಮನ ಕಡೆಗೆ. ಚಿಕ್ಕಲಕ್ಷ್ಮಮ್ಮ ಅದನ್ನು ಕಂಡೂ ಕಾಣದವಳ ಹಾಗೆ ಬಾಟಲಿ ತೊಳೆದಳು.

ಹೊಂಗೇದೊಡ್ಡಿ ಇರುವುದು ಬೈರಾಪಟ್ಟಣದಿಂದ ಒಂದು ಹರದಾರಿ ಒಳಗೆ. ಬಿಡದಿಯಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದ ಮೇಲೆ ಊರಿನ ಗಂಡಸರೆಲ್ಲ ಬೆಳಗ್ಗೆ ಆರಕ್ಕೆ ಕಂಪನಿ ಬಸ್ಸು ಹತ್ತುವವರಾದರು. ಹೊಲ, ಹಸು, ಹಾಲು ಹೆಂಗಸರ ಪಾಲಿಗೆ ಬಂತು. ಹಾಲು ಕರೆಯುವವರು ನಾವು, ಲೆಕ್ಕ ನೋಡುವವರು ಮಾತ್ರ ಅವರೇ ಯಾಕಾಗಬೇಕು ಎಂದು ಕಾವೇರಮ್ಮ ಎಂಬ ಗಟ್ಟಿಗಿತ್ತಿ ಮನೆಮನೆ ತಿರುಗಿ ಕಟ್ಟಿದ್ದು ಈ ಮಹಿಳಾ ಹಾಲು ಉತ್ಪಾದಕರ ಸಂಘ. ಅಧ್ಯಕ್ಷೆಯೂ ಅವಳೇ. ಹಾಲು ಅಳೆಯುವ ಕಂಪ್ಯೂಟರು ಸುತ್ತಲ ಊರುಗಳಲ್ಲಿ ಮೊದಲು ಬಂದದ್ದೂ ಇಲ್ಲಿಗೇ. ಅದು ಬಂದ ದಿನ ಪಕ್ಕದ ಊರುಗಳ ಗಂಡಸರ ಸಂಘದವರು ನೋಡಲು ಬಂದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದ್ದರು. ಆ ಚಪ್ಪಲಿಗಳ ಸಾಲನ್ನು ಹೊಂಗೇದೊಡ್ಡಿಯ ಹೆಂಗಸರು ಇವತ್ತಿಗೂ ಮರೆತಿಲ್ಲ. ಕಿಟಕಿಯಿಂದ ಕಾಣುವುದು ಮಾನಿಟರ್ ಒಂದೇ ಆದ್ದರಿಂದ ಅವರ ಬಾಯಲ್ಲಿ ಇಡೀ ಯಂತ್ರಕ್ಕೆ ಟೀವಿ ಎಂದೇ ಹೆಸರು. ಹಾಲು ಎಷ್ಟು ಲೀಟರು, ಫ್ಯಾಟು ಎಷ್ಟು ಎಂಬುದು ಅದರಲ್ಲಿ ದಪ್ಪ ಅಕ್ಷರದಲ್ಲಿ ಮೂಡುತ್ತಿತ್ತು.

ಈ ಟೀವಿ ಬರುವ ಮುಂಚೆ ಫ್ಯಾಟು ಎಷ್ಟು ಎಂದು ಹೇಳುತ್ತಿದ್ದವಳು ಚಿಕ್ಕಲಕ್ಷ್ಮಮ್ಮ. ಹನ್ನೆರಡು ವರ್ಷ ಅವಳು ಸಂಘದ ಟೆಸ್ಟರು, ಕಿಟಕಿಯ ಬಳಿಯ ಕುರ್ಚಿ ಅವಳದು. ಗಾಜಿನ ಕೊಳವೆಗೆ ಆಸಿಡ್ಡು ಹಾಕಿ, ಅದರ ಮೇಲೆ ಹಾಲು ಬಿಟ್ಟು, ಕೈಯಿಂದ ತಿರುಗಿಸುವ ಯಂತ್ರದಲ್ಲಿ ಗಿರಗಿರ ಸುತ್ತಿಸಿ, ಮೇಲೆ ನಿಂತ ಹಳದಿ ಗೆರೆಯನ್ನು ಕಣ್ಣಿಗೆ ಸಮನಾಗಿ ಹಿಡಿದು ಓದುತ್ತಿದ್ದಳು. ಅವಳ ಎಲ್ಲ ಸೀರೆಗಳಲ್ಲೂ ಆಸಿಡ್ಡು ಸಿಡಿದ ಸಣ್ಣ ತೂತುಗಳಿದ್ದವು, ಎಡ ಮಣಿಕಟ್ಟಿನಲ್ಲಿ ಸುಟ್ಟ ಕಲೆಯಿತ್ತು. ಆ ಕಲೆಯನ್ನು ಅವಳು ಬಳೆಯಿಂದ ಮುಚ್ಚಿಕೊಂಡವಳಲ್ಲ. ಗಂಡ ಸಿದ್ದಯ್ಯ ತಂದ ಮನೆಯ ಹಾಲಿಗೂ ಒಂದು ಚುಕ್ಕೆ ಜಾಸ್ತಿ ಹೇಳದ ಬಾಯಿ ಅವಳದು ಎಂದು ಊರೇ ಹೇಳುತ್ತಿತ್ತು. ಈಗ ಹಾಲಿನ ಹನಿ ಯಂತ್ರಕ್ಕೆ ಕೊಟ್ಟರೆ ಸಾಕು, ನಿಮಿಷದೊಳಗೆ ಅದೇ ಹೇಳಿಬಿಡುತ್ತದೆ. ಚಿಕ್ಕಲಕ್ಷ್ಮಮ್ಮನಿಗೆ ಉಳಿದದ್ದು ಬಾಗಿಲು ತೆರೆಯುವುದು, ಗುಡಿಸುವುದು, ಸ್ಯಾಂಪಲ್ ಎತ್ತುವುದು, ಬಾಟಲಿ ತೊಳೆಯುವುದು. ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಟೀವಿ ನಮ್ಮ ಸಂಘದ್ದು ಎಂಬ ಹೆಮ್ಮೆ ಅವಳಿಗೂ ಎಲ್ಲರಷ್ಟೇ ಇತ್ತು. ದಿನಾ ಬೆಳಗ್ಗೆ ಮೊದಲು ಅದಕ್ಕೆ ಕೈಮುಗಿದು, ಅರಿಶಿನ ಕುಂಕುಮ ಇಟ್ಟು, ಗಂಧದಕಡ್ಡಿ ಬೆಳಗಿದ ಮೇಲೆಯೇ ಅವಳು ಕಿಟಕಿ ತೆರೆಯುತ್ತಿದ್ದದ್ದು.

ಟೀವಿ ಆರುವುದು ಶುರುವಾಗಿ ಎರಡು ತಿಂಗಳ ಮೇಲಾಗಿತ್ತು. ಚನ್ನಪಟ್ಟಣದಿಂದ ಮನೋಹರ್ ಎಂಬ ಮೆಕ್ಯಾನಿಕ್ಕು ಮೂರು ಸಲ ಬಂದು ಹೋಗಿದ್ದ. ಮೊದಲ ಸಲ ವೈರು ಸಡಿಲ ಎಂದು ಬೇರೆ ವೈರು ಹಾಕಿದ. ಎರಡನೇ ಸಲ ಕರೆಂಟು ಸರಿಯಿಲ್ಲ, ಪಕ್ಕದ ಫ್ಲೋರ್ ಮಿಲ್ಲು ಶುರುವಾದಾಗ ವೋಲ್ಟೇಜು ಬೀಳುತ್ತದೆ ಎಂದು ಯುಪಿಎಸ್ ಹಾಕಿಸಿದ. ಮಿಲ್ಲಿನವನು ಮಗಳ ಮದುವೆಗೆ ಬೀಗ ಹಾಕಿಕೊಂಡು ಹೋದ ವಾರವೂ ಟೀವಿ ಆರಿತು. ಮೂರನೇ ಸಲ ಬಂದವನು ಮಾನಿಟರ್ ಬೆನ್ನು ಬಿಚ್ಚಿ, ಧೂಳು ಊದಿ, ತಲೆ ಕೆರೆದುಕೊಂಡು, ಬೆಂಗಳೂರಿಗೆ ಕಳಿಸಬೇಕು ಎಂದ. ಬಂದಾಗಲೆಲ್ಲ ಅವನು ಮಾನಿಟರಿನ ಮುಂದಿನ ಕುಂಕುಮ ಮುಟ್ಟಿ ಕಣ್ಣಿಗೊತ್ತಿಕೊಂಡೇ ಹಿಂಭಾಗಕ್ಕೆ ಹೋಗುತ್ತಿದ್ದ.

ಇದರ ನಡುವೆ ಬೈರಾಪಟ್ಟಣದಲ್ಲಿ ಸಿದ್ದಯ್ಯನ ದೊಡ್ಡಪ್ಪ ತೀರಿಕೊಂಡರು. ಸೂತಕದ ಮನೆಯವಳು ಊರಿನ ಹಾಲು ಮುಟ್ಟುವಂತಿಲ್ಲ. ಹನ್ನೊಂದನೆಯ ದಿನದ ತಿಥಿ ಮುಗಿಯುವ ತನಕ ಚಿಕ್ಕಲಕ್ಷ್ಮಮ್ಮ ಡೇರಿಯ ಕಡೆ ಬರಲಿಲ್ಲ. ಅಷ್ಟು ದಿನ ಭಾನುಪ್ರಿಯ ಒಬ್ಬಳೇ ಬಾಗಿಲು ತೆರೆದು, ಟೀವಿಗೆ ದೂರದಿಂದಲೇ ಕೈಮುಗಿದು ಹಾಲು ಅಳೆದಳು. ಹನ್ನೆರಡನೆಯ ದಿನ ತಲೆಗೆ ನೀರು ಹಾಕಿಕೊಂಡು, ಎಂದಿನಂತೆ ಪೂಜೆ ಮಾಡಿ ಕಿಟಕಿ ತೆರೆದಳು. ಏಳು ಗಂಟೆಯೊಳಗೆ ಟೀವಿ ಎರಡು ಸಲ ಆರಿ ಹತ್ತಿತು.

ಸೋಮವಾರ ಸಂಜೆ ಹಾಲು ಒಕ್ಕೂಟದ ಸೂಪರ್‌ವೈಸರ್ ಶಿವಕಿರಣ್ ಬಂದ. ಹುಡುಗ ಕೆಟ್ಟವನಲ್ಲ, ಆದರೆ ಮೇಲಿನವರ ಮಾತು ಹೇಳುವಾಗ ಮುಖ ಬಿಗಿ ಮಾಡಿಕೊಳ್ಳುವ ಅಭ್ಯಾಸ. ಶನಿವಾರದೊಳಗೆ ಯಂತ್ರ ಸರಿಹೋಗದಿದ್ದರೆ ವಾಪಸು ತೆಗೆದುಕೊಂಡು ಹೋಗುವುದಾಗಿಯೂ, ಅದಕ್ಕಾಗಿ ಕಾದು ಕೂತಿರುವ ಬೇರೆ ಸಂಘಗಳಿವೆ ಎಂದೂ, ಹೊಂಗೇದೊಡ್ಡಿಯವರು ಸದ್ಯಕ್ಕೆ ಹಳೆಯ ಪದ್ಧತಿಗೇ ಹೋಗಬೇಕಾದೀತು ಎಂದೂ ಹೇಳಿದ. ಕಾವೇರಮ್ಮನ ಮುಖ ಕಪ್ಪಿಟ್ಟಿತು. ಸಾಲಿನಲ್ಲಿ ಗುಸುಗುಸು ಎದ್ದಿತು. ಶಿವಲಿಂಗಮ್ಮನಿಗೆ ಅಷ್ಟೇ ಬೇಕಾಗಿತ್ತು.

"ಲಕ್ಷ್ಮಮ್ಮ ಸೂತಕ ಅಂತ ಮನೇಲಿ ಕುಂತಿದ್ದ ಹನ್ನೊಂದ್ ದಿನ ಟೀವಿ ಒಂದ್ಸಲಾನಾದ್ರೂ ಆರ್ತಾ? ನೀವೇ ಹೇಳ್ರಮ್ಮ. ಅವಳು ಕಾಲಿಟ್ಟ ದಿನವೇ ಮತ್ತೆ ಸುರುವಾಯ್ತು," ಎಂದಳು. "ಮಿಸನ್ನು ಹೋದ್ರೆ ಯಾರ ಕುರ್ಚಿ ವಾಪಸ್ ಬತ್ತದೆ ಅಂತ ನಂಗೂ ಗೊತ್ತೈತೆ."

ಯಾರೂ ಹೌದೆನ್ನಲಿಲ್ಲ. ಆದರೆ ಇಲ್ಲ ಎಂದವರೂ ಇರಲಿಲ್ಲ, ಚಿಕ್ಕಲಕ್ಷ್ಮಮ್ಮನಿಗೆ ಚುಚ್ಚಿದ್ದು ಅದು. ಹನ್ನೆರಡು ವರ್ಷ ತನ್ನ ಒಂದು ಮಾತಿನ ಮೇಲೆ ಹಾಲು ಕೊಟ್ಟ ಜನ. ಹನ್ನೊಂದು ದಿನ ಟೀವಿ ಆರಲಿಲ್ಲ ಎಂಬುದು ಮಾತ್ರ ಸುಳ್ಳಲ್ಲವೆಂದು ಭಾನುಪ್ರಿಯಳ ಬಗ್ಗಿದ ತಲೆಯೇ ಹೇಳುತ್ತಿತ್ತು. ಚಿಕ್ಕಲಕ್ಷ್ಮಮ್ಮ ಕೈ ಒರೆಸಿಕೊಂಡು ಮುಂದೆ ಬಂದಳು. ಶನಿವಾರ ಬೆಳಗ್ಗೆಯವರೆಗೆ ತನಗೆ ಬಿಡಿ, ಏನು ಕಾರಣ ಎಂದು ತಾನೇ ಕಂಡುಹಿಡಿಯುತ್ತೇನೆ ಎಂದಳು. ಶಿವಕಿರಣನಿಗೆ ನಗು ಬಂತು, ಆದರೆ ಅವಳ ಮುಖ ನೋಡಿ ಅದನ್ನು ನುಂಗಿಕೊಂಡ.

ರಾತ್ರಿ ಸಿದ್ದಯ್ಯ, ನಿನಗೇನು ಗೊತ್ತು ಕಂಪ್ಯೂಟರು ಅಂತ ಒಪ್ಪಿಕೊಂಡು ಬಂದೆ ಎಂದು ಗೊಣಗಿದ. ಕಂಪ್ಯೂಟರು ಅವಳಿಗೆ ಗೊತ್ತಿರಲಿಲ್ಲ, ನಿಜ. ಆದರೆ ತಪ್ಪು ಹುಡುಕುವುದು ಗೊತ್ತಿತ್ತು. ಹಿಂದೆ ಯಾರದಾದರೂ ಹಾಲಿನ ಫ್ಯಾಟು ಇದ್ದಕ್ಕಿದ್ದಂತೆ ಬಿದ್ದರೆ ಅವಳು ಹಸುವನ್ನು ಬೈಯುತ್ತಿರಲಿಲ್ಲ, ಹಸುವಿನೊಡತಿಯನ್ನೂ ಅನುಮಾನಿಸುತ್ತಿರಲಿಲ್ಲ. ಮೊದಲು ಆಸಿಡ್ಡು ಬದಲಿಸಿ ನೋಡುವಳು. ಆಗಲೂ ಅದೇ ಬಂದರೆ ಕೊಳವೆ ಬದಲಿಸುವಳು, ಆಮೇಲೆ ಬಿಸಿನೀರು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಆದ್ದರಿಂದ ಒಂದು ಸಲಕ್ಕೆ ಒಂದೇ. ಶಿವಲಿಂಗಮ್ಮ ತನ್ನ ಮೇಲೆ ಹೊರಿಸಿದ ಮಾತಿನಲ್ಲೇ ಒಂದು ಹಿಡಿ ಸಿಕ್ಕಿತೆಂದು ಅವಳಿಗೆ ಅನಿಸಿತು. ನಾನಿಲ್ಲದಾಗ ಆರುವುದಿಲ್ಲ, ನಾನಿದ್ದಾಗ ಆರುತ್ತದೆ ಎಂದರೆ ನಾನು ಮಾಡುವ ಯಾವುದೋ ಒಂದು ಕೆಲಸದಿಂದ ಆರುತ್ತಿರಬೇಕು. ತಾನು ಡೇರಿಯಲ್ಲಿ ಮಾಡುವ ಕೆಲಸಗಳನ್ನು ಬೆರಳು ಮಡಿಚಿ ಎಣಿಸಿದಳು. ನೀರು ಚಿಮುಕಿಸಿ ಗುಡಿಸುವುದು. ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುವುದು. ಬಾಟಲಿಯ ತಟ್ಟೆಯನ್ನು ಟೀವಿಗೆ ಒರಗಿಸಿ ಇಡುವುದು. ಆಮೇಲೆ ಪೂಜೆ. ಪೂಜೆಯ ಬೆರಳನ್ನು ಮಡಿಚದೆ ಬಿಟ್ಟಳು. ದೇವರ ಕೆಲಸದಿಂದ ಯಂತ್ರ ಕೆಡುವುದುಂಟೆ?

ಮಂಗಳವಾರ ನೀರು ಚಿಮುಕಿಸದೆ ಒಣಗುಡಿಸಿದಳು. ಬೆಳಗ್ಗೆ ಎರಡು ಸಲ, ಸಂಜೆ ಒಂದು ಸಲ ಆರಿತು. ಬುಧವಾರ ನೀರು ಚಿಮುಕಿಸಿದಳು, ಮೇಜಿಗೆ ಮಾತ್ರ ಒಣಬಟ್ಟೆ. ಬೆಳಗ್ಗೆ ಮೂರು ಸಲ ಆರಿತು, ಸಂಜೆ ಆರಲೇ ಇಲ್ಲ. ಆರಿದ ಹೊತ್ತನ್ನೆಲ್ಲ ಭಾನುಪ್ರಿಯ ಕ್ಯಾಲೆಂಡರಿನ ಹಿಂದೆ ಗುರುತು ಹಾಕಿಕೊಟ್ಟಳು. ಸ್ವಂತ ಅತ್ತೆಯಲ್ಲದಿದ್ದರೂ ಅತ್ತೆ ಎಂದೇ ಕರೆಯುತ್ತಿದ್ದ ಚಿಕ್ಕಲಕ್ಷ್ಮಮ್ಮನ ಮೇಲೆ ಅವಳಿಗೆ ಮೊದಲಿನಿಂದ ಗೌರವ. ಸೊಸೆಯಾಗಿ ಊರಿಗೆ ಬಂದ ಹೊಸದರಲ್ಲಿ ಹಾಲಿನ ಕೆಲಸ ಕಲಿಸಿದವಳು ಇವಳೇ. ಗುರುತುಗಳನ್ನು ನೋಡಿ ಚಿಕ್ಕಲಕ್ಷ್ಮಮ್ಮನಿಗೆ ಇನ್ನೊಂದು ಹೊಳೆಯಿತು. ಬೆಳಗ್ಗೆ ಜಾಸ್ತಿ, ಸಂಜೆ ಕಮ್ಮಿ. ಬೆಳಗ್ಗೆ ಮಾಡಿ ಸಂಜೆ ಮಾಡದ ಕೆಲಸ ಯಾವುದು? ಪೂಜೆಯ ಬೆರಳು ಮತ್ತೆ ತಾನಾಗಿ ಮಡಿಚಿಕೊಳ್ಳಲು ನೋಡಿತು. ಅವಳು ಬಿಡಲಿಲ್ಲ. ಗುರುವಾರ ಬಾಟಲಿಯ ತಟ್ಟೆಯನ್ನು ನೆಲದ ಮೇಲಿಟ್ಟಳು. ಬೆಳಗ್ಗೆ ನಾಲ್ಕು ಸಲ ಆರಿತು. ಅಂದು ಶಿವಲಿಂಗಮ್ಮ ಪಕ್ಕದವಳ ಮುಖ ನೋಡಿ ಸುಮ್ಮನೆ ನಕ್ಕಳು. ಬೈದಿದ್ದರೆ ವಾಸಿಯಿತ್ತು.

ಉಳಿದದ್ದು ಪೂಜೆಯೊಂದೇ, ಬಂದದ್ದು ಶುಕ್ರವಾರ. ಹುಟ್ಟಿದಾಗಿನಿಂದ ಶುಕ್ರವಾರ ಅರಿಶಿನ ಕುಂಕುಮ ತಪ್ಪಿಸಿದವಳಲ್ಲ ಅವಳು. ಡೇರಿಯ ಬಾಗಿಲು ತೆರೆದು ಕುಂಕುಮದ ಬಟ್ಟಲು ಕೈಯಲ್ಲಿ ಹಿಡಿದು ಟೀವಿಯ ಮುಂದೆ ತುಂಬ ಹೊತ್ತು ನಿಂತಳು. ಇವತ್ತು ಇಡದಿದ್ದರೆ ಲಕ್ಷ್ಮಿ ಮುನಿದಾಳು. ಇಟ್ಟರೆ ನಾಳೆ ಟೀವಿಯೂ ಹೋಗುತ್ತದೆ, ತನ್ನ ಹೆಸರೂ ಹೋಗುತ್ತದೆ. ಕೊನೆಗೆ ಬಟ್ಟಲನ್ನು ಗೂಡಿನಲ್ಲಿಟ್ಟು, ತಕ್ಕಡಿಗೂ ಕ್ಯಾನುಗಳಿಗೂ ಕೈಮುಗಿದು, ಟೀವಿಗೆ ಬರೀ ಗಂಧದಕಡ್ಡಿ ಬೆಳಗಿ, ತಪ್ಪಾದರೆ ನನ್ನ ಮೇಲಿರಲಿ ಎಂದುಕೊಂಡು ಕಿಟಕಿ ತೆರೆದಳು.

ನೂರಾ ಹನ್ನೆರಡು ಜನ ಹಾಲು ಹಾಕಿ ಹೋದರು. ಟೀವಿ ಆರಲಿಲ್ಲ. ಸಂಜೆ ತೊಂಬತ್ತು ಜನ. ಆಗಲೂ ಆರಲಿಲ್ಲ. ಸಾಲಿನ ಕೊನೆಯವಳು ಹೋಗುತ್ತಿದ್ದ ಹಾಗೆ ಚಿಕ್ಕಲಕ್ಷ್ಮಮ್ಮ ಬಾಗಿಲು ಮುಂದೆ ಮಾಡಿ, ಸೆರಗು ಸಿಕ್ಕಿಸಿಕೊಂಡು ಟೀವಿಯ ಮುಂದೆ ಮಂಡಿಯೂರಿದಳು. ಪರದೆಯ ಕೆಳಗೆ ನಟ್ಟನಡುವೆ ಒಂದು ದುಂಡನೆಯ ಗುಂಡಿ ಇತ್ತು. ಅದು ಮಾನಿಟರು ಆರಿಸುವ ಗುಂಡಿ. ಅದನ್ನು ಯಾರೂ ಒತ್ತುತ್ತಿರಲಿಲ್ಲ, ಎಲ್ಲವೂ ಗೋಡೆಯ ಸ್ವಿಚ್ಚಿನಲ್ಲೇ ಆಗುತ್ತಿತ್ತು. ಬಟ್ಟಲಿನ ಹಾಗೆ ಸ್ವಲ್ಪ ತಗ್ಗಾಗಿದ್ದ ಆ ಗುಂಡಿಯ ಮೇಲೆ ಕುಂಕುಮ ಚೆನ್ನಾಗಿ ನಿಲ್ಲುತ್ತದೆಂದು ಅವಳು ದಿನವೂ ಅಲ್ಲಿಗೇ ಇಡುತ್ತಿದ್ದಳು. ಮೊದಲು ನೀರಿನಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ, ಜಾರದಿರಲೆಂದು ಹೆಬ್ಬೆರಳಿನಿಂದ ಒಂದು ಒತ್ತು.

ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಗುಂಡಿಯ ಸುತ್ತಲ ಸಂದಿಗೆ ಹಾಕಿ ಎಳೆದಳು. ಒಣಗಿದ ಅರಿಶಿನ ಚಕ್ಕೆಚಕ್ಕೆಯಾಗಿ ಉದುರಿತು. ಖಾತರಿಯಾಗಬೇಕಲ್ಲ ಎಂದು ಎಲ್ಲವನ್ನೂ ತೆಗೆಯದೆ, ಬಟ್ಟಲು ತಂದು ಎಂದಿನ ಹಾಗೆ ಅರಿಶಿನ ಇಟ್ಟು ಕುಂಕುಮ ಒತ್ತಿದಳು. ಗುಂಡಿ ಅರ್ಧ ಒಳಗೆ ಹೋಗಿ ಅಂಟಿನಲ್ಲಿ ಸಿಕ್ಕಿಕೊಂಡಿತು, ಹೊರಕ್ಕೂ ಬರಲಿಲ್ಲ, ಪೂರ್ತಿ ಒಳಕ್ಕೂ ಹೋಗಲಿಲ್ಲ. ಒಂದು ಹಗಲು ಒಂದು ರಾತ್ರಿ ಕಳೆದು ಅರಿಶಿನ ಪೂರ್ತಿ ಒಣಗಿದರೆ ಮಾತ್ರ ಅದು ಬಿಟ್ಟುಕೊಳ್ಳುತ್ತಿದ್ದಿರಬೇಕು. ದಿನವೂ ಕ್ಯಾನು ಸರಿಸುವಾಗ ಆಗುವ ಹಾಗೆಯೇ ಭಾನುಪ್ರಿಯ ತುಂಬಿದ ಕ್ಯಾನೊಂದನ್ನು ಎಳೆದು ಮೇಜಿಗೆ ತಾಗಿಸಿದಳು. ಟೀವಿ ಆರಿತು. ಇನ್ನೊಮ್ಮೆ ತಾಗಿಸಿದಳು. ಹತ್ತಿತು.

ಚಿಕ್ಕಲಕ್ಷ್ಮಮ್ಮ ನೆಲದ ಮೇಲೆ ಹಾಗೇ ಕೂತುಬಿಟ್ಟಳು. ಮೊದಲು ಬಂದದ್ದು ಖುಷಿ. ಚನ್ನಪಟ್ಟಣದ ಮೆಕ್ಯಾನಿಕ್ಕಿಗೆ ಮೂರು ಸಲ ಬಂದರೂ ಸಿಗದೇ ಹೋದದ್ದು ತನಗೆ ನಾಲ್ಕು ದಿನದಲ್ಲಿ ಸಿಕ್ಕಿತ್ತು. ಹಳದಿ ಗೆರೆ ಸರಿಯಾಗಿ ಕೂತಾಗ ಆಗುತ್ತಿದ್ದಂಥ ಸಮಾಧಾನ ಎಷ್ಟೋ ತಿಂಗಳ ಮೇಲೆ ಮತ್ತೆ ಬಂದಿತ್ತು. ಆಮೇಲೆ ಹೊಳೆದದ್ದು, ಶಿವಲಿಂಗಮ್ಮ ಹೇಳಿದ್ದು ನಿಜವಾಯಿತು ಎಂಬುದು. ಟೀವಿ ಆರಿಸುತ್ತಿದ್ದ ಕೈ ತನ್ನದೇ.

ಭಾನುಪ್ರಿಯಳಿಗೂ ಅದು ತಟ್ಟನೆ ಅರ್ಥವಾಯಿತು. "ಅತ್ತೆ, ಪೂರ್ತಿ ಕ್ಲೀನ್ ಮಾಡ್ಬುಡಾಣ," ಎಂದಳು ಮೆಲ್ಲಗೆ. "ತಾನೇ ಸರಿಹೋಯ್ತು ಅನ್ನಾಣ. ಯಾರ್ಗೂ ಹೇಳಾದು ಬ್ಯಾಡ."

ಹೇಳದಿದ್ದರೆ ಟೀವಿ ಉಳಿಯುತ್ತದೆ. ಆದರೆ ಹೆದರಿ ಟೀವಿ ಕೆಡಿಸುವುದನ್ನು ನಿಲ್ಲಿಸಿದಳು ಎಂದು ಶಿವಲಿಂಗಮ್ಮ ಸಾಯುವ ತನಕ ಹೇಳಿಕೊಂಡು ತಿರುಗುತ್ತಾಳೆ. ಇದನ್ನು ಕಂಡುಹಿಡಿದೇ ಇಲ್ಲ ಎಂದು ಕೈಕಟ್ಟಿ ಕೂತರೂ ಆದೀತು. ನಾಳೆ ಯಂತ್ರ ಊರು ಬಿಡುತ್ತದೆ, ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟಿರುವ ಗಾಜಿನ ಕೊಳವೆಗಳು ಹೊರಗೆ ಬರುತ್ತವೆ, ಕಿಟಕಿಯ ಬಳಿಯ ಕುರ್ಚಿ ಮತ್ತೆ ಅವಳದಾಗುತ್ತದೆ. ಆ ಕುರ್ಚಿಯ ಆಸೆ ಅವಳಿಗೆ ಇರಲಿಲ್ಲ ಎನ್ನುವ ಹಾಗಿಲ್ಲ. ಬೀರುವಿನ ಕಡೆ ಒಮ್ಮೆ ನೋಡಿದಳು ಕೂಡ. ಆಮೇಲೆ ಎದ್ದು ಬಾಗಿಲಿಗೆ ಬೀಗ ಹಾಕಿ, ಬೆಳಗ್ಗೆ ತಾನು ಬರುವ ತನಕ ಗುಂಡಿಯನ್ನು ಯಾರೂ ಮುಟ್ಟಕೂಡದು ಎಂದು ಭಾನುಪ್ರಿಯಳಿಗೆ ಹೇಳಿ ಮನೆಗೆ ಹೋದಳು.

ಶನಿವಾರ ಆರೂವರೆಗೇ ಶಿವಕಿರಣನೂ ಮನೋಹರನೂ ಒಂದೇ ಬೈಕಿನಲ್ಲಿ ಬಂದರು. ಹಿಂದೆ ಯಂತ್ರ ಕಟ್ಟಿಕೊಂಡು ಹೋಗಲು ಹಗ್ಗವೂ ಇತ್ತು. ಟೀವಿ ಹೋಗುವುದನ್ನು ನೋಡಲು ಹಸು ಇಲ್ಲದವರೂ ಬಂದು ನಿಂತಿದ್ದರು. ಕಾವೇರಮ್ಮ ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಲಕ್ಷ್ಮಮ್ಮ ಎಲ್ಲರಿಗೂ ಕಾಣುವ ಹಾಗೆ ಟೀವಿಯನ್ನು ಕಿಟಕಿಯ ಕಡೆ ತಿರುಗಿಸಿ, ಗುಂಡಿ ತೋರಿಸಿ, ಕ್ಯಾನು ತಾಗಿಸಿ ಆರಿಸಿದಳು, ಮತ್ತೆ ತಾಗಿಸಿ ಹತ್ತಿಸಿದಳು. ಆಮೇಲೆ ಪಿನ್ನಿನಿಂದ ಸಂದಿಯನ್ನು ನಿಧಾನವಾಗಿ ಬಿಡಿಸಿ, ಬಟ್ಟೆಯಲ್ಲಿ ಒರೆಸಿ, ಗುಂಡಿ ಹೊರಕ್ಕೆ ಬಂದ ಮೇಲೆ ಅದೇ ಕ್ಯಾನನ್ನು ನಾಲ್ಕು ಸಲ ಮೇಜಿಗೆ ಗುದ್ದಿದಳು. ಟೀವಿ ಆರಲಿಲ್ಲ.

"ಇದ್ನ ಆರಿಸ್ತಿದ್ದುದು ನಾನೇ," ಎಂದಳು. ದನಿ ಸಾಲಿನ ಕೊನೆಯವಳಿಗೂ ಕೇಳುವಷ್ಟು ದೊಡ್ಡದಾಗಿತ್ತು. "ಗೊತ್ತಿದ್ದು ಮಾಡಿದ್ದಲ್ಲ. ಗೊತ್ತಾದ ಮ್ಯಾಲೆ ಮುಚ್ಚಿಟ್ಕೊಂಡೂ ಇಲ್ಲ. ಹನ್ನೆರಡ್ ವರ್ಸದಾಗೆ ಯಾರ ಹಾಲಿಗೂ ಸುಳ್ಳೇಳ್ದೆ ಇದ್ದೋಳು, ನನ್ನ ತಪ್ಪಿಗೆ ಹೇಳ್ತೀನಾ?"

ಮೊದಲು ಬಾಯಿ ಬಿಟ್ಟವನು ಮನೋಹರ್. ಇನ್ನೂ ಎರಡು ಊರಿನ ಡೇರಿಗಳಲ್ಲಿ ಇದೇ ಥರ ಆರುತ್ತಿತ್ತು ಎಂದೂ, ಅವನ್ನು ತಾನು ಬೆಂಗಳೂರಿಗೆ ಕಳಿಸಿಬಿಟ್ಟೆನೆಂದೂ ತಲೆ ತಗ್ಗಿಸಿ ಹೇಳಿದ. ಅಲ್ಲಿಯೂ ಕುಂಕುಮ ಇದೇ ಜಾಗದಲ್ಲಿತ್ತಂತೆ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಕಾವೇರಮ್ಮ ಮಾತ್ರ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. ನಮ್ಮ ಸಂಘದ ಟೆಸ್ಟರು ಇವಳು ಎಂದು ಹೊರಗಿನವರಿಬ್ಬರಿಗೂ ಹೊಸದಾಗಿ ಪರಿಚಯ ಮಾಡಿಕೊಡುವವಳ ಹಾಗೆ ಎರಡು ಸಲ ಹೇಳಿದಳು.

ಶಿವಕಿರಣ್ ಹಗ್ಗವನ್ನು ಬೈಕಿಗೇ ಬಿಟ್ಟು, ಚೀಲದಿಂದ ವರದಿಯ ಹಾಳೆ ತೆಗೆದು ಬರೆದ. ಚಿಕ್ಕಲಕ್ಷ್ಮಮ್ಮ ಏನು ಬರೆದಿರಿ ಎಂದು ಕೇಳಿದಳು. ಅವಳನ್ನು ಉಳಿಸಿದೆನೆಂಬ ಸಂತೋಷದಲ್ಲಿ ಅವನು ಓದಿ ಹೇಳಿದ: ಮಾನಿಟರಿನಲ್ಲಿ ತಾಂತ್ರಿಕ ದೋಷವಿತ್ತು, ಸರಿಪಡಿಸಲಾಗಿದೆ.

"ಹಂಗಲ್ಲ ಸಾರ್," ಎಂದಳು ಅವಳು. "ಆದದ್ದು ಆದಂಗೇ ಬರೀರಿ. ಟೆಸ್ಟರ್ ಚಿಕ್ಕಲಕ್ಷ್ಮಮ್ಮ ಗುಂಡಿ ಮ್ಯಾಲೆ ಕುಂಕುಮ ಮಡಗಿದ್ಲು, ಅದಕ್ಕೆ ಆರ್ತಿತ್ತು. ಅವಳೇ ಕಂಡಿಡುದ್ಲು. ಹಂಗ್ ಬರೆದ್ರೆ ತಾನೆ ಬೇರೆ ಊರೋರೂ ಗುಂಡಿ ಬುಟ್ಟು ಮಡಗಾದು?"

ಶಿವಕಿರಣ್ ಬರೆದದ್ದನ್ನು ಹೊಡೆದುಹಾಕಿ, ಹೊಸ ಹಾಳೆ ತೆಗೆದು, ಅವಳು ಹೇಳಿದ ಹಾಗೆಯೇ ಬರೆದು ಮುಂದೆ ಇಟ್ಟ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ತನ್ನ ಹೆಸರು ಎರಡು ಕಡೆ ಇತ್ತು, ತಪ್ಪಿನ ಸಾಲಿನಲ್ಲೊಮ್ಮೆ, ಕಂಡುಹಿಡಿದ ಸಾಲಿನಲ್ಲೊಮ್ಮೆ. ಪೆನ್ನು ತೆಗೆದುಕೊಂಡು ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.

ಹೊತ್ತಾಗಿತ್ತು, ಹಾಲು ಬಿಸಿಲಿಗೆ ಕೆಡುವಂತಿತ್ತು. ಕಿಟಕಿಯ ಕಡೆ ತಿರುಗಿ ಮುಂದೆ ಯಾರು ಎಂದು ಕೇಳಿದಳು. ಶಿವಲಿಂಗಮ್ಮ ನಿಂತಿದ್ದಳು. ಟೀವಿಯ ಕಡೆಗಾಗಲಿ ತೂಕದ ಪಾತ್ರೆಯ ಕಡೆಗಾಗಲಿ ನೋಡಲಿಲ್ಲ. ಕ್ಯಾನಿನ ಮುಚ್ಚಳ ತೆಗೆದು, ಸೆರಗಿನಿಂದ ಅದರ ಅಂಚು ಒರೆಸಿ, ಎರಡೂ ಕೈಯಿಂದ ಎತ್ತಿ ಚಿಕ್ಕಲಕ್ಷ್ಮಮ್ಮನ ಕೈಗೆ ಕೊಟ್ಟಳು.